ಬುದ್ಧಿಯವರು ನಮ್ಮ ಇಟಲಿ ಕಾರಿನಲ್ಲಿ ಬಂದದ್ದು

ನಮ್ಮ ಕಾರು ಒಂದು ದಿನವೂ ಕೈಕೊಟ್ಟಿಲ್ಲ. ಇದು ನನ್ನ ಮಾತಲ್ಲ, ನಮ್ಮ ಯಜಮಾನರ ಮಾತು. ಮಾರುಕಟ್ಟೆ ಹತ್ತಿರ ಪಾತ್ರೆ ಅಂಗಡಿ ಇಟ್ಟಿರುವ ಷಡಕ್ಷರಿ ಎಂದರೆ ಕೃಷ್ಣಮೂರ್ತಿಪುರಂನಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳುವವಳಲ್ಲ. ಬರೆದರೆ ದೋಷವಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡು ಒಂದು ಸಲ ಬರೆದಿದ್ದೇನೆ, ಇನ್ನು ಬರೆಯುವುದಿಲ್ಲ.

ಆ ಕಾರು ನಂಜನಗೂಡಿನ ದಾರಿಯಲ್ಲಿ ನಿಂತರೆ, ನಮ್ಮವರ ಪ್ರಕಾರ ಅದು ಸುಧಾರಿಸಿಕೊಳ್ಳುತ್ತಿದೆ. ಅಗ್ರಹಾರದ ಸರ್ಕಲ್ಲಿನಲ್ಲಿ ಬುಸಬುಸ ಹೊಗೆ ಬಿಟ್ಟರೆ ಉಸಿರಾಡುತ್ತಿದೆ. ಬಾಗಿಲಿನ ಹಿಡಿ ಕೈಗೇ ಬಂದರೆ ನಾನು ಒರಟಾಗಿ ಎಳೆದಿದ್ದೇನೆ. 'ಕೆಟ್ಟಿದೆ' ಎಂಬ ಮಾತು ಮಾತ್ರ ಅವರ ಬಾಯಿಂದ ಬರಬೇಕಲ್ಲ, ಊಹೂಂ. ಒಂದು ಸಲ ಟೋಯಿಂಗ್ ಲಾರಿಯ ಬೆನ್ನ ಮೇಲೆ ಕೂತು ಮನೆಗೆ ಬಂತು, ಆಗಲೂ ಇವರು ಓಣಿಯವರಿಗೆಲ್ಲ ಹೇಳಿದ್ದು ಪೆಟ್ರೋಲು ಉಳಿಯಿತು ಅಂತ.

ಇಟಲಿಯವರ ಕಾರು. ಕಂಪನಿಯ ಹೆಸರು ಬೇಡ, ಅವರನ್ನು ದೂರುವುದಕ್ಕೂ ನನಗೆ ಬಾಯಿಲ್ಲ, ಯಾಕೆಂದರೆ ಅವರು ಮಾರಿದ್ದು ಯಾರಿಗೋ, ನಾವು ಮೂರನೆಯವರು. ತೊಂಬತ್ತೆಂಟರಲ್ಲಿ ನಮ್ಮ ಕೈಗೆ ಬರುವಾಗಲೇ ಲಕ್ಷ ಕಿಲೋಮೀಟರು ದಾಟಿತ್ತು. ಆಮೇಲೆ ಕುಕ್ಕರು, ಕೊಳಗ, ಇಡ್ಲಿ ಪಾತ್ರೆ ತುಂಬಿಕೊಂಡು ಹುಣಸೂರು, ಟಿ. ನರಸೀಪುರ ಅಂತ ದಿನಾ ಓಡಿ ಓಡಿ ಎರಡೂವರೆ ಲಕ್ಷಕ್ಕೆ ಬಂತು. ಅಲ್ಲಿಗೆ ಮೀಟರು ತಿರುಗುವುದನ್ನೇ ನಿಲ್ಲಿಸಿಬಿಟ್ಟಿತು. ವಯಸ್ಸು ಹೇಳಿಕೊಳ್ಳಲು ಅದಕ್ಕೆ ಇಷ್ಟವಿಲ್ಲ ಎಂದರು ನಮ್ಮವರು.

ಎಡಕ್ಕೆ ತಿರುಗಿಸಿದರೆ ಹಾರನ್ನು ತಾನಾಗಿ ಹೊಡೆದುಕೊಳ್ಳುತ್ತಿತ್ತು. ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಎಷ್ಟೋ ಮದುವೆಗಳಲ್ಲಿ ನಮ್ಮವರು ಇಳಿದು, ಶರ್ಟು ಸರಿಮಾಡಿಕೊಂಡು, ನನ್ನನ್ನು ಮರೆತು ಛತ್ರದೊಳಗೆ ಹೋಗಿಬಿಟ್ಟಿದ್ದಾರೆ. ನಾನು ಒಳಗೆ ಕೂತು ಹೋಗಿಬರುವವರಿಗೆ ಗಾಜಿನ ಮೂಲಕ ಕೈಸನ್ನೆ ಮಾಡಿ ಬಾಗಿಲು ತೆಗೆಸಿಕೊಂಡಿದ್ದೇನೆ. ಹಾಗೆ ನನ್ನನ್ನು ಬಿಡಿಸಿದವರಲ್ಲಿ ಒಬ್ಬರು ಅವತ್ತಿನ ಮದುವೆ ಗಂಡು.

ಇದೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಹೀಟರು. ಎಂಜಿನ್ನನ್ನು ತಣ್ಣಗಿಡುವ ಫ್ಯಾನು ಕೆಟ್ಟು ವರ್ಷಗಳಾಗಿದ್ದವು. ಮೆಕ್ಯಾನಿಕ್ ಮೂಗಯ್ಯ ಬೇರೆ ಬೇರೆ ಕಾರಿನ ಫ್ಯಾನುಗಳನ್ನು ತಂದು ಕೂರಿಸಿ ನೋಡಿದ, ಒಂದೂ ಕೂರಲಿಲ್ಲ. ರಸ್ತೆ ಖಾಲಿಯಿದ್ದು ಕಾರು ಓಡುತ್ತಿದ್ದರೆ ಗಾಳಿಗೆ ಹೇಗೋ ನಡೆಯುತ್ತಿತ್ತು. ನಿಧಾನವಾಗಿ ಹೋದರೆ ಬಂತು ಗ್ರಹಚಾರ, ಕಾವಿನ ಮುಳ್ಳು ಸರ್ರನೆ ಕೆಂಪಿಗೆ ಏರುತ್ತಿತ್ತು. ಆಗ ನಮ್ಮವರು ಚಳಿಗಾಲದ ಹೀಟರನ್ನು ಪೂರ್ತಿ ತೆರೆದುಬಿಡುತ್ತಿದ್ದರು. ಎಂಜಿನ್ನಿನ ಬಿಸಿಯೆಲ್ಲ ನಮ್ಮ ಮೇಲೆ ಊದಿಕೊಂಡು ಎಂಜಿನ್ನು ತಣ್ಣಗಾಗುತ್ತಿತ್ತು, ನಾವು ಬೇಯುತ್ತಿದ್ದೆವು. ಈ ಮೈಸೂರಿನಲ್ಲಿ ಬಿರುಬೇಸಗೆಯಲ್ಲಿ ಹೀಟರು ಹಾಕಿಕೊಂಡು ಓಡಾಡುತ್ತಿದ್ದ ದಂಪತಿ ಅಂದರೆ ನಾವೇ. ಯಾವ ಸಮಾರಂಭಕ್ಕೆ ಹೋದರೂ ನನ್ನ ಕುಂಕುಮ ಮೂಗಿನ ತುದಿಗೆ ಇಳಿದಿರುತ್ತಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಗೆಯಲ್ಲಿ ಶ್ರೀರಾಂಪುರದಲ್ಲಿ ನಮ್ಮ ಹೊಸ ಮನೆ ಮುಗಿಯಿತು. ಗೃಹಪ್ರವೇಶಕ್ಕೆ ಬುದ್ಧಿಯವರ ಪಾದ ಮನೆಯೊಳಗೆ ಬೀಳಬೇಕೆಂದು ಇಬ್ಬರಿಗೂ ಆಸೆ. ಬುದ್ಧಿಯವರು ಅಂದರೆ ನಮ್ಮ ಮಠದ ಸ್ವಾಮಿಗಳು. ಸಿದ್ಧಾರ್ಥನಗರದ ಆಚೆಗಿದ್ದ ಮಠದಲ್ಲಿ ಇಳಿದಿದ್ದರು. ವಯಸ್ಸಾಗಿತ್ತು, ಮಂಡಿನೋವು ಬೇರೆ, ಆದರೂ ಬರುತ್ತೇವೆ ಎಂದರು. ಅವತ್ತು ಮಠದ ಗಾಡಿ ಬೇರೆ ಕಡೆ ಹೋಗಬೇಕಿತ್ತು, ಕರೆದುಕೊಂಡು ಬರುವ ಏರ್ಪಾಡು ನಮ್ಮದೇ.

ನನ್ನ ತಮ್ಮ ಮಹೇಶ್ ತನ್ನ ಹೊಸ ಕಾರು ಕಳಿಸುತ್ತೇನೆ ಎಂದ. ಅದರಲ್ಲಿ ತಣ್ಣನೆ ಎ.ಸಿ., ಎಲ್ಲ ಬಾಗಿಲೂ ತೆರೆಯುತ್ತವೆ. ನಮ್ಮವರು ಬೇಡವೇ ಬೇಡ ಎಂದುಬಿಟ್ಟರು. ಈ ಮನೆ ಕಟ್ಟಿಸಿದ್ದೇ ಇಟಲಿ ಕಾರು, ಅದು ಪಾತ್ರೆ ಹೊರದಿದ್ದರೆ ಒಂದು ಇಟ್ಟಿಗೆಯೂ ಏಳುತ್ತಿರಲಿಲ್ಲ, ಬುದ್ಧಿಯವರು ಬರುವುದಾದರೆ ಅದರಲ್ಲೇ ಬರಬೇಕು ಅಂತ ಅವರ ಹಟ. ನನಗೆ ರೇಗಿಹೋಯಿತು. ದಾರಿಯಲ್ಲಿ ನಿಂತರೆ ಬುದ್ಧಿಯವರನ್ನು ಆಟೋದಲ್ಲಿ ಕೂರಿಸುತ್ತೀರಾ, ಊರಿನಲ್ಲಿ ಮುಖ ತೋರಿಸುವುದು ಹೇಗೆ ಎಂದು ಜಗಳ ತೆಗೆದೆ. ಮಾತಿಗೆ ಮಾತು ಬೆಳೆದು ಕೊನೆಗೆ ಅವರೇ ಒಂದು ಮಾತು ಕೊಟ್ಟರು.

"ಬುದ್ಧಿಯವ್ರು ಕೂತಿರೋವಾಗ ಕಾರೇನಾದ್ರೂ ನಿಂತ್ರೆ, ಮಾರನೇ ದಿನಾನೇ ಮಾರ್ಬುಡ್ತೀನಿ. ನಿಲ್ದೆ ಬಂದ್ರೆ ಈ ಜನ್ಮದಲ್ಲಿ ನೀನು ಅದರ ಸುದ್ದಿ ಎತ್ತಬಾರ್ದು ಕಣೆ."

ನಾನು ಒಪ್ಪಿದೆ. ಒಪ್ಪಿ, ದೇವರ ಮುಂದೆ ನಿಂತು ಕಾರು ನಿಲ್ಲಲಿ ಎಂದು ಬೇಡಿಕೊಳ್ಳಲೋ ಬುದ್ಧಿಯವರಿಗೆ ತೊಂದರೆಯಾಗದಿರಲಿ ಎಂದು ಬೇಡಿಕೊಳ್ಳಲೋ ತಿಳಿಯದೆ ಸುಮ್ಮನೆ ಕೈಮುಗಿದು ಬಂದೆ.

ಗೃಹಪ್ರವೇಶದ ಬೆಳಿಗ್ಗೆ ಕಾರಿಗೆ ಸ್ನಾನ, ವಿಭೂತಿ ಪಟ್ಟೆ, ಸೇವಂತಿಗೆ ಹಾರ ಎಲ್ಲ ಆಯಿತು. ಮಠದಲ್ಲಿ ಬುದ್ಧಿಯವರನ್ನು ಇಬ್ಬರು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದರು. ಮಂಡಿ ಮಡಿಸುವುದೇ ಅವರಿಗೆ ಕಷ್ಟವಾಗಿತ್ತು. ಹಿಂದೆ ನಾನು, ನನ್ನ ಪಕ್ಕದಲ್ಲಿ ಹಣ್ಣಿನ ಬುಟ್ಟಿ, ಆ ಕಡೆ ಮಠದ ವ್ಯವಹಾರ ನೋಡಿಕೊಳ್ಳುವ ಶಿವಲಿಂಗಯ್ಯನವರು. ಅವರು ದಪ್ಪ ಆಸಾಮಿ, ತಲೆಗೆ ದೊಡ್ಡ ಪೇಟ.

ಹೊರಟಾಗ ಎಲ್ಲ ಚೆನ್ನಾಗಿತ್ತು. ಗಾಳಿ ಬೀಸುತ್ತಿತ್ತು. ನಮ್ಮವರು ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಕುಣಿಸಿದರು. ಝೂ ಹತ್ತಿರ ಬಂದೆವು ನೋಡಿ, ರಜದ ದಿನ, ಎಲ್ಲೆಲ್ಲಿಂದಲೋ ಬಂದ ಬಸ್ಸುಗಳು ಅಡ್ಡಡ್ಡ ನಿಂತು ರಸ್ತೆಯೇ ಕಟ್ಟಿಹೋಗಿತ್ತು. ಕಾರು ಒಂದು ಮಾರು ಹೋಗುವುದು, ನಿಲ್ಲುವುದು. ಕಾವಿನ ಮುಳ್ಳು ಏಳತೊಡಗಿತು. ನಮ್ಮವರ ಎಡಗೈ ಯಾರಿಗೂ ಕಾಣದಂತೆ ಹೀಟರಿನ ಕಡ್ಡಿಯ ಕಡೆಗೆ ಹೋಯಿತು. ನಾನು ಹಿಂದಿನಿಂದ ರೀ, ಬೇಡ ಕಣ್ರೀ ಎಂದು ಪಿಸುಗುಟ್ಟಿದೆ. ಅಷ್ಟರಲ್ಲಿ ಬಿಸಿಗಾಳಿ ಬುಸ್ಸೆಂದು ಬುದ್ಧಿಯವರ ಕಾಲಿನ ಮೇಲೆ ನುಗ್ಗಿತು. ಅವರ ಪಕ್ಕದ ಗಾಜು ಕೆಳಗಿಳಿಯುತ್ತಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬುದ್ಧಿಯವರ ಹಣೆಯ ವಿಭೂತಿ ಕರಗಿ ಕೆನ್ನೆಗೆ ಇಳಿಯುವಾಗ, ಇದೇನಪ್ಪ ಇಷ್ಟು ಬೆಚ್ಚಗಿದೆ ಎಂದು ಶಾಂತವಾಗಿಯೇ ಕೇಳಿದರು. ನಮ್ಮವರು ಒಂದು ಕ್ಷಣವೂ ತಡವರಿಸಲಿಲ್ಲ. ಇಟಲಿ ಬಹಳ ಚಳಿ ದೇಶ ಬುದ್ಧಿ, ಅಲ್ಲಿಯವರು ಕಾರಿನೊಳಗೇ ಒಲೆ ಇಟ್ಟಿರುತ್ತಾರೆ, ಗುರುಗಳು ಕೂತಾಗ ತಾನಾಗಿ ಹೊತ್ತಿಕೊಳ್ಳುತ್ತದೆ ಎಂದುಬಿಟ್ಟರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಶಿವಲಿಂಗಯ್ಯನವರು ಪೇಟ ತೆಗೆದು, ಅದರಲ್ಲೇ ಕತ್ತು ಒರೆಸಿ, ಹಿಂಡಿ ಮತ್ತೆ ಸುತ್ತಿಕೊಂಡರು. ಬುಟ್ಟಿಯ ಬಾಳೆಹಣ್ಣು ಅಲ್ಲೇ ಕಪ್ಪಗಾಗಲು ಶುರುವಾಯಿತು.

ಝೂ ದಾಟಿದ ಮೇಲೆ ಗಾಳಿ ಸಿಕ್ಕಿತು, ಹೇಗೋ ಮಾನಂದವಾಡಿ ರಸ್ತೆ ಹಿಡಿದೆವು. ಇನ್ನೇನು ಬಂದೆವು ಅನ್ನುವಾಗ ನಿಜವಾದ ಪರೀಕ್ಷೆ ಎದುರಾಯಿತು. ನಮ್ಮ ಹೊಸ ರಸ್ತೆಯ ಬಾಯಲ್ಲಿ ನಂಟರಿಷ್ಟರೆಲ್ಲ ವಾದ್ಯದವರೊಂದಿಗೆ, ನಂದೀಧ್ವಜದೊಂದಿಗೆ ಕಾಯುತ್ತಿದ್ದರು. ಸ್ವಾಮಿಗಳ ವಾಹನ ಬಂದರೆ ಅದರ ಮುಂದೆ ಮೆರವಣಿಗೆ ಹೊರಡಬೇಕು, ವಾಹನ ಅದರ ಹಿಂದೆ ಹೆಜ್ಜೆಯ ಲೆಕ್ಕದಲ್ಲಿ ಬರಬೇಕು. ಪೂರ್ಣಕುಂಭ ಹೊತ್ತ ಹೆಂಗಸರು ಎಲ್ಲಿ ಅವಸರ ಮಾಡುತ್ತಾರೆ. ಪ್ರತಿ ಮನೆ ಮುಂದೆ ಒಂದು ಆರತಿ. ಯಾವ ಇಟಲಿಯವನೂ ತನ್ನ ಕಾರು ನಂದೀಧ್ವಜದ ಹಿಂದೆ ಹೋಗಬೇಕಾಗುತ್ತದೆ ಎಂದು ಎಣಿಸಿರಲಾರ.

ಮುಳ್ಳು ಕೆಂಪಿನೊಳಗೆ ಹೋಯಿತು. ಹೀಟರು ಪೂರ್ತಿ ತೆರೆದಿತ್ತು. ನಮ್ಮವರು ಒಂದು ಕಾಲಿನಲ್ಲಿ ಕ್ಲಚ್ಚು, ಒಂದು ಕಾಲಿನಲ್ಲಿ ಆಕ್ಸಿಲರೇಟರು ಒತ್ತುತ್ತ, ಬಾಯಲ್ಲಿ ಓಂ ನಮಃ ಶಿವಾಯ ಅನ್ನುತ್ತ, ಸ್ಟೀರಿಂಗನ್ನು ಸವರುತ್ತ ಕಾರನ್ನು ಒಂದೊಂದು ಅಂಗುಲ ನಡೆಸಿದರು. ನಾನು ಹಿಂದೆ ಕೂತು ನಿಲ್ಲು ನಿಲ್ಲು ಅಂದುಕೊಳ್ಳುತ್ತಿದ್ದವಳು, ಅವರ ಕತ್ತಿನ ನರ ಬಿಗಿದಿದ್ದನ್ನು ನೋಡಿ ಯಾವಾಗಲೋ ನಡಿ ನಡಿ ಅಂದುಕೊಳ್ಳತೊಡಗಿದ್ದೆ. ನನ್ನ ಮೇಲೆ ನನಗೇ ಕೋಪ ಬಂತು. ಕಾರು ನಮ್ಮ ಗೇಟಿನ ಮುಂದೆ ಬಂದು ನಿಂತಿತು, ನಿಂತಿತು ಅಂದರೆ ನಮ್ಮವರು ಬ್ರೇಕು ಹಾಕಿ ನಿಲ್ಲಿಸಿದರು. ಅವರು ಗೆದ್ದಿದ್ದರು.

ಆಗ ಆದ ಪವಾಡವನ್ನು ನೋಡದಿದ್ದರೆ ನಾನೇ ನಂಬುತ್ತಿರಲಿಲ್ಲ. ಹಿಡಿದು ಇಳಿಸಲು ಇಬ್ಬರು ಓಡಿ ಬಂದರು. ಬುದ್ಧಿಯವರು ಅವರ ಕೈ ಸರಿಸಿ, ಮೈಯೆಲ್ಲ ನೀರು ಸುರಿಯುತ್ತಿದ್ದರೂ ತಾವೇ ಇಳಿದು, ತಾವೇ ಮೆಟ್ಟಿಲು ಹತ್ತಿ, ಹೊಸಲು ದಾಟಿ ಒಳಗೆ ಹೋದರು. ಜನ ಬೆರಗಾಗಿ ನಿಂತರು. ಅವರ ಮೈಯ ಬೆವರನ್ನು ನೋಡಿದ ನಮ್ಮ ಸೋದರತ್ತೆ ಚಾಮುಂಡಮ್ಮ ಅದು ತಪಸ್ಸಿನ ಕಾವು ಎಂದು ಎಲ್ಲರಿಗೂ ವಿವರಿಸಿದರು. ಶಿವಲಿಂಗಯ್ಯನವರ ಬೆವರಿಗೆ ಮಾತ್ರ ಯಾರೂ ಯಾವ ಕಾರಣವನ್ನೂ ಹುಡುಕಲಿಲ್ಲ.

ಪಾದಪೂಜೆಯಾದ ಮೇಲೆ ಆಶೀರ್ವಚನ. ಬುದ್ಧಿಯವರು ಮನೆಯ ಬಗ್ಗೆ ಎರಡು ಮಾತು ಆಡಿ ನೇರವಾಗಿ ಕಾರಿನ ವಿಷಯಕ್ಕೆ ಬಂದರು. ಎಷ್ಟೋ ವೈದ್ಯರು ಎಷ್ಟೋ ಎಣ್ಣೆ ತಿಕ್ಕಿಸಿದರೂ ಬಗ್ಗದ ಮಂಡಿ ಇವತ್ತು ಈ ಕಾರಿನ ಕಾವಿಗೆ ಸಡಿಲವಾಯಿತು, ಕಾಲಿಗೆ ಹೀಗೆ ಶಾಖ ಕೊಡುವ ವಾಹನವನ್ನು ತಾವು ಎಲ್ಲೂ ಕಂಡಿಲ್ಲ ಎಂದರು. ನಮ್ಮವರ ಮುಖ ನೋಡಬೇಕಿತ್ತು ಆಗ. ನಾನು ಇಷ್ಟು ವರ್ಷ ಬೈದ ಬೈಗುಳಕ್ಕೆಲ್ಲ ಜಗದ್ಗುರುಗಳೇ ಉತ್ತರ ಕೊಟ್ಟ ಹಾಗೆ ನನ್ನ ಕಡೆ ತಿರುಗಿ ನಕ್ಕರು.

ಆ ನಗು ಮುಖದ ಮೇಲೆ ಇರುವಾಗಲೇ ಶಿವಲಿಂಗಯ್ಯನವರು ಎದ್ದು ನಿಂತರು. ಗುರುಗಳ ಕಾಲು ನೆಟ್ಟಗಾಗುವುದಾದರೆ ಈ ಕಾರು ಮಠದಲ್ಲಿರುವುದೇ ಸರಿ, ಭಕ್ತರು ಇದನ್ನು ಈ ಶುಭದಿನ ಮಠಕ್ಕೆ ಒಪ್ಪಿಸುತ್ತಿದ್ದಾರೆ ಎಂದು ಘೋಷಿಸಿಯೇಬಿಟ್ಟರು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಜನ ಹರಹರ ಎಂದು ಕೈಮುಗಿದರು. ತುಂಬಿದ ಸಭೆಯಲ್ಲಿ ಮಠದ ಹೆಸರಿನಲ್ಲಿ ಮಾತು ಬಂದ ಮೇಲೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮವರ ನಗು ಹಾಗೇ ಇತ್ತು, ಅದರ ಒಳಗಿನ ಮನುಷ್ಯ ಮಾತ್ರ ಎಲ್ಲೋ ಹೋಗಿಬಿಟ್ಟಿದ್ದರು.

ನಾನು ಕುಣಿದಾಡಬೇಕಿತ್ತು. ಮಾರುವ ಗೋಜೂ ಇಲ್ಲದೆ ಶನಿ ತೊಲಗುತ್ತಿತ್ತು. ಆದರೆ ಅವರ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ನಾನು ಸೆರಗು ಹೊದ್ದು ಮುಂದೆ ಬಂದು, ಬುದ್ಧಿ, ಆ ಕಾರಿನ ಫ್ಯಾನು ಕೆಟ್ಟಿದೆ, ಬಾಗಿಲು ತೆರೆಯಲ್ಲ, ದಾರಿಯಲ್ಲಿ ನಿಲ್ಲುತ್ತದೆ, ತಮ್ಮಂಥವರು ಕೂರುವ ಗಾಡಿಯಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅದನ್ನು ಉಳಿಸಬೇಕಾದರೆ ಅದಕ್ಕೆ ಬೈಯಬೇಕಾಗಿತ್ತು, ಆ ವಿದ್ಯೆಯಲ್ಲಿ ನನಗೆ ಚೆನ್ನಾಗಿ ಅಭ್ಯಾಸವಿತ್ತು.

ಬುದ್ಧಿಯವರು ದೊಡ್ಡ ಮನಸ್ಸಿನವರು. ನಮ್ಮವರನ್ನು ಹೆಸರು ಹಿಡಿದು ಹತ್ತಿರ ಕರೆದರು.

"ನೋಡಪ್ಪ, ಬಲವಂತ ಏನೂ ಇಲ್ಲ. ತಾಯಿ ಹೇಳೋದು ನಿಜವಾದ್ರೆ ಗಾಡಿ ಇಲ್ಲೇ ಇರಲಿ. ನೀನೇ ಹೇಳು, ಅದು ಕೈಕೊಡುತ್ತಾ?"

ಇದಕ್ಕಿಂತ ಸುಲಭದ ದಾರಿ ಬೇಕೇ. ಹೌದು ಬುದ್ಧಿ ಅಂದರೆ ಮುಗಿಯಿತು, ಕಾರು ನಮ್ಮದು. ಎರಡೇ ಎರಡು ಪದ. ನಾನು ಅವರ ಬೆನ್ನಿಗೆ ಬೆರಳಿನಿಂದ ತಿವಿದೆ, ಹೇಳಿ ಅಂತ. ಅವರು ಕಿಟಕಿಯಿಂದ ಆಚೆಗೆ, ಹಾರ ಬಾಡಿಸಿಕೊಂಡು ನಿಂತಿದ್ದ ಕಾರನ್ನು ಒಮ್ಮೆ ನೋಡಿದರು.

"ಇಲ್ಲ ಬುದ್ಧಿ," ಎಂದರು. "ಒಂದ್ ದಿನಾನೂ ಕೈಕೊಟ್ಟಿಲ್ಲ."

ಅಯ್ಯೋ ಪುಣ್ಯಾತ್ಮ! ಗಟ್ಟಿಯಾಗಿ ಕೂಗಿಬಿಡುತ್ತಿದ್ದೆ, ಸಭೆ ಅಂತ ನಾಲಿಗೆ ಕಚ್ಚಿಕೊಂಡೆ. ಕಾರನ್ನು ಬಿಟ್ಟುಕೊಟ್ಟರೂ ಸರಿ, ಅದರ ಮೇಲೆ ಒಂದು ಮಾತು ಬರಲು ಬಿಡಲಿಲ್ಲ. ಇಂಥ ಗಂಡಸಿಗೆ ಏನು ಹೇಳುವುದು. ವೀಳ್ಯದೆಲೆ ತಟ್ಟೆಯಲ್ಲಿ ಅಡಿಕೆ, ಹಣ್ಣು, ಅದರ ಮೇಲೆ ಕಾರಿನ ಕೀಲಿಕೈ ಇಟ್ಟು ನಾವಿಬ್ಬರೂ ಬಗ್ಗಿ ಶರಣು ಮಾಡಿದೆವು.

ಪ್ರಸಾದ ಮುಗಿಸಿ ಬುದ್ಧಿಯವರು ಹೊರಟರು. ಇನ್ನು ಕಾರು ಮಠದ್ದು, ಅದಕ್ಕೆ ಶಿವಲಿಂಗಯ್ಯನವರೇ ನಡೆಸಲು ಕೂತರು. ಇಡೀ ಬೀದಿ ಕೈಮುಗಿದು ನಿಂತಿತ್ತು. ಶಿವಲಿಂಗಯ್ಯನವರು ಕೀಲಿ ತಿರುಗಿಸಿದರು. ಟಕ್ ಅಂತು, ಅಷ್ಟೇ. ಮತ್ತೆ ತಿರುಗಿಸಿದರು, ಮತ್ತೆ ಟಕ್. ಬುದ್ಧಿಯವರು ತಲೆಯೆತ್ತಿ ನಮ್ಮವರ ಕಡೆ ನೋಡಿದರು. ಜನರೂ ನೋಡಿದರು.

ಏನಾಗಿದೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಎಂಜಿನ್ನು ವಿಪರೀತ ಕಾದ ದಿನ ಸ್ಟಾರ್ಟರು ಮೋಟಾರು ಮುನಿಸಿಕೊಂಡು ಹಿಡಿದು ಕೂರುತ್ತದೆ. ಬಾನೆಟ್ ಎತ್ತಿ ಗಟ್ಟಿ ವಸ್ತುವಿನಿಂದ ಅದರ ತಲೆಗೆ ಮೊಟಕಿದರೆ ಬಿಡುತ್ತದೆ. ಆದರೆ ಒಂದು ದಿನವೂ ಕೈಕೊಟ್ಟಿಲ್ಲ ಎಂದು ಗುರುಗಳ ಮುಂದೆ ಈಗಷ್ಟೇ ಹೇಳಿದವರು ಸುತ್ತಿಗೆ ಹಿಡಿದು ಹೇಗೆ ಹೋದಾರು. ಅವರು ಕೈಮುಗಿದವರು ಹಾಗೇ ಕಲ್ಲಾಗಿ ನಿಂತಿದ್ದರು, ಹಣೆಯಲ್ಲಿ ಬೆವರು.

ನಾನು ಸುಮ್ಮನಿದ್ದರೆ ಸಾಕಿತ್ತು. ಕಾರು ಹೊರಡುತ್ತಿರಲಿಲ್ಲ, ಮಠದವರು ಬೇಡ ಅನ್ನುತ್ತಿದ್ದರು, ಅದು ನಮ್ಮಲ್ಲೇ ಉಳಿಯುತ್ತಿತ್ತು. ಆದರೆ ಇವರ ಮಾತು ಬೀದಿಯಲ್ಲಿ ಸುಳ್ಳಾಗುತ್ತಿತ್ತು, ಅದೂ ಬುದ್ಧಿಯವರ ಕಣ್ಣೆದುರಿಗೇ. ಆಮೇಲೆ ಆ ಕಾರನ್ನು ಇವರು ಯಾವ ಮುಖ ಇಟ್ಟುಕೊಂಡು ಓಡಿಸಿಯಾರು. ನಾನು ಆರತಿ ತಟ್ಟೆ ಎತ್ತಿಕೊಂಡು ಸರಸರ ಮುಂದೆ ಹೋದೆ. ನಮ್ಮ ತವರಿನಲ್ಲಿ ವಾಹನ ದಾನ ಕೊಡುವಾಗ ಎಂಜಿನ್ನಿಗೂ ಕುಂಕುಮ ಇಟ್ಟು ಕಾಯಿ ಮುಟ್ಟಿಸುವ ಪದ್ಧತಿಯಿದೆ, ಅದಾಗದೆ ಗಾಡಿ ಹೊರಡಬಾರದು, ಅದಕ್ಕೇ ತಡೆದಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಚಾಮುಂಡಮ್ಮ ಹೌದು ಹೌದು, ಹಿಂದೆ ಎತ್ತಿನ ಗಾಡಿಗೂ ಮಾಡುತ್ತಿದ್ದರು ಎಂದು ತಲೆದೂಗಿದರು. ಪಾಪ, ಅವರಿಗೆ ಎಲ್ಲ ಪದ್ಧತಿಯೂ ನೆನಪಿರುತ್ತದೆ, ಇಲ್ಲದ್ದು ಕೂಡ.

ಬಾನೆಟ್ ತೆರೆಸಿದೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದೆ. ಕುಂಕುಮ ಇಟ್ಟೆ. ಸಿಪ್ಪೆ ಸುಲಿದ ಗಟ್ಟಿ ತೆಂಗಿನಕಾಯಿ ಹಿಡಿದು, ಬಾಯಲ್ಲಿ ಮಂತ್ರದ ಹಾಗೆ ಏನೋ ಗೊಣಗುತ್ತ, ಸ್ಟಾರ್ಟರಿನ ತಲೆಗೆ ಡಬ್ ಡಬ್ ಡಬ್ ಎಂದು ಹಾಕಿದೆ. ಇಷ್ಟು ವರ್ಷದ ಸಿಟ್ಟು ತೀರಿಸಿಕೊಳ್ಳುತ್ತೇನೆ ಅಂದುಕೊಂಡಿದ್ದೆ, ಕಣ್ಣು ಯಾಕೋ ಮಂಜಾಯಿತು. ಈಗ ತಿರುಗಿಸಿ ಶಿವಲಿಂಗಯ್ಯನವರೇ ಎಂದೆ.

ಕಾರು ಒಂದೇ ಸಲಕ್ಕೆ ಗುಡುಗುಟ್ಟಿ ಎದ್ದಿತು. ಬೀದಿಯವರೆಲ್ಲ ಹರಹರ ಎಂದರು. ಬುದ್ಧಿಯವರು ಒಳಗೆ ಕಾಲು ಚಾಚಿಕೊಂಡು, ಆ ಒಲೆಯನ್ನು ಸ್ವಲ್ಪ ಹಚ್ಚಪ್ಪ ಎಂದು ಶಿವಲಿಂಗಯ್ಯನವರಿಗೆ ಹೇಳುವುದು ನನಗೆ ಕೇಳಿಸಿತು. ಶಿವಲಿಂಗಯ್ಯನವರು ಹೊರಡುವ ಮುನ್ನವೇ ಪೇಟ ತೆಗೆದಿಟ್ಟರು. ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದಾಗ ಹಾರನ್ನು ತಾನಾಗಿ ಒಂದು ಸಲ ಹೊಡೆದುಕೊಂಡು ಕಾರು ಕಾಣದಾಯಿತು.

ಜನ ಎರಡನೇ ಪಂಕ್ತಿಯ ಊಟಕ್ಕೆ ಒಳಗೆ ಹೋದರು. ಗೇಟಿನ ಹತ್ತಿರ ನಾವಿಬ್ಬರೇ ಉಳಿದೆವು. ಕಾರು ನಿಂತಿದ್ದ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕಿದ ಕಲೆ ಇತ್ತು, ಅವರು ಅದನ್ನೇ ನೋಡುತ್ತಿದ್ದರು. ನನ್ನ ಕಡೆ ತಿರುಗದೆ ಕೇಳಿದರು.

"ಎಷ್ಟ್ ಏಟು ಹಾಕ್ದೆ?"

"ಮೂರು ಕಣ್ರೀ."

ಅವರು ಹೆಗಲ ಮೇಲಿನ ಹೊಸ ಶಲ್ಯದಿಂದ ಮುಖ ಒರೆಸಿಕೊಂಡರು.

"ಎರಡೇ ಸಾಕಾಗಿತ್ತು ಕಣೆ ಮಂಜು. ಪಾಪ, ಅದಕ್ಕೆ ಮೂರನೇದು ತಡ್ಕೊಳ್ಳೋಕಾಗಲ್ಲ."